ಶಿಯಾನ್‌ನಲ್ಲಿ ಹಾನ್‌ಫು ಉಟ್ಟಿದ್ದು, ಆಮೇಲೆ ನನ್ನ ಮಚ್ಚೆ ಕಾಣೆಯಾಗಿದ್ದು

ಹಾನ್‌ಫು, ಅಂದ್ರೆ ಚೀನಾದ ಹಳೇ ಕಾಲದ ಉಡುಪು, ಹಾಕ್ಕೊಂಡ ಫೋಟೋ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ ತಕ್ಷಣ ಬಂದ ಮೆಸೇಜಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ, "ಇದು ಎಐನಾ?" ಅಂತ. ಈಗ ಎಲ್ಲರೂ ಮನೇಲಿ ಸೋಫಾ ಮೇಲೆ ಕೂತು ತಮ್ಮದೊಂದು ಸೆಲ್ಫಿ ಕೊಟ್ಟು ಇವತ್ತು ಮೊಘಲ್ ರಾಣಿ ನಾಳೆ ಜಪಾನಿ ಗೊಂಬೆ ಆಗ್ತಾರಲ್ಲ, ಇದೂ ಅದೇ ಅಂದ್ಕೊಂಡ್ರು. ಅಲ್ಲಪ್ಪಾ, ನಿಜವಾಗ್ಲೂ ಚೀನಾದ ಶಿಯಾನ್‌ಗೆ ಹೋಗಿ, ದುಡ್ಡು ಕೊಟ್ಟು, ಗಂಟೆಗಟ್ಟಲೆ ಕುರ್ಚೀಲಿ ಅಲುಗಾಡದೆ ಕೂತು, ತಲೆ ಮೇಲೆ ಸುಳ್ಳು ಕೂದಲಿನ ಗೋಪುರ ಕಟ್ಟಿಸ್ಕೊಂಡು ತೆಗೆಸಿದ್ದು ಅಂತ ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಇದನ್ನ ಬರೀತಿದೀನಿ. ಹಾಗಂತ ಕೇಳಿದವರನ್ನ ಬೈಯ್ಯೋಕೂ ಆಗಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ.

ಶಿಯಾನ್‌ಗೆ ಎಲ್ಲರೂ ಹೋಗೋದು ಚಕ್ರವರ್ತಿಯ ಸಮಾಧಿ ಹತ್ರ ಹೂತಿಟ್ಟಿದ್ದ ಮಣ್ಣಿನ ಸೈನಿಕರ ಬೊಂಬೆಗಳನ್ನ ನೋಡೋಕೆ, ನಾವೂ ಅದಕ್ಕೇ ಹೋಗಿದ್ದು. ಸೈನಿಕರು ಚೆನ್ನಾಗಿದ್ದಾರೆ, ರಶ್ಶು ಜಾಸ್ತಿ, ಅದರ ಬಗ್ಗೆ ಅಷ್ಟು ಸಾಕು. ನನ್ನ ತಲೆ ಕೆಡಿಸಿದ್ದು ಮೆಟ್ರೋ. ಸಂಜೆ ಹತ್ತಿದ್ರೆ ಪಕ್ಕದ ಸೀಟಲ್ಲಿ ಸಾವಿರದ ಮುನ್ನೂರು ವರ್ಷದ ಹಿಂದಿನ ರಾಜಕುಮಾರಿ ಕೂತ್ಕೊಂಡು ಬಬಲ್ ಟೀ ಹೀರ್ತಾ ರೀಲ್ಸ್ ನೋಡ್ತಿದ್ಲು, ಎದುರುಗಡೆ ಮಂತ್ರಿ ಟೋಪಿ ಹಾಕಿದ ಹುಡುಗ ಪವರ್ ಬ್ಯಾಂಕ್ ಚುಚ್ಕೊಂಡು ನಿದ್ದೆ, ಬಾಗಿಲ ಹತ್ರ ಇನ್ನೂ ಮೂರು ಜನ ರಾಣಿಯರು ಲಂಗ ಬಾಗಿಲಿಗೆ ಸಿಕ್ಕಾಕ್ಕೊಳ್ಳದ ಹಾಗೆ ಹಿಡ್ಕೊಂಡು ನಿಂತಿದ್ರು, ಒಬ್ಬರೂ ತಿರುಗಿ ನೋಡ್ತಿಲ್ಲ. ಇವರೆಲ್ಲ ಇಳಿಯೋದು ದೊಡ್ಡ ಕಾಡು ಹೆಬ್ಬಾತು ಗೋಪುರ ಅನ್ನೋ ಹಳೇ ಬೌದ್ಧ ಗೋಪುರದ ಹತ್ರ. ಆ ಗೋಪುರದ ದಕ್ಷಿಣಕ್ಕೆ ಸುಮಾರು ಎರಡು ಕಿಲೋಮೀಟರ್ ಉದ್ದದ ಒಂದು ಬೀದಿ ಇದೆ, ದಾತಾಂಗ್ ಬುಯೆಚೆಂಗ್ ಅಂತಾರೆ, ಗಾಡಿ ಬಿಡಲ್ಲ, ರಾತ್ರಿ ಎಲ್ಲೆಲ್ಲೂ ದೀಪ, ಟಾಂಗ್ ರಾಜವಂಶದ ಕಾಲದ (ಕ್ರಿ.ಶ. 618ರಿಂದ 907) ಅರಮನೆ ಥರ ಕಟ್ಟಿದ ಮಾಲುಗಳು, ನಡುವೆ ಸಾವಿರಾರು ಜನ. ಅದರಲ್ಲಿ ಅರ್ಧ ಜನ ವೇಷದಲ್ಲಿ. ಇನ್ನರ್ಧ ಜನ ಅವರ ಫೋಟೋ ತೆಗೀತಿರ್ತಾರೆ. ಮಾಮೂಲಿ ಜೀನ್ಸ್ ಟೀಶರ್ಟ್ ಹಾಕ್ಕೊಂಡು ಹೋದ ನಾನೇ ಅಲ್ಲಿ ವೇಷ ಹಾಕ್ಕೊಂಡವಳ ಥರ ಕಾಣ್ತಿದ್ದೆ.

ನಾವು ಚೀನಾ ಡ್ರೆಸ್ ಅಂದ್ರೆ ಅಂದ್ಕೊಳ್ಳೋದು ಆ ಮೈಗಂಟಿದ, ಕುತ್ತಿಗೆಗೆ ನೆಟ್ಟಗಿನ ಕಾಲರ್ ಇರೋ ಚಿಪಾವ್. ಅದು 1920ರ ದಶಕದ ಶಾಂಘೈನಲ್ಲಿ ರೂಪ ಪಡೆದ ಫ್ಯಾಷನ್ನು, ಅಜ್ಜಿ ಮುತ್ತಜ್ಜಿ ಕಾಲದ್ದು ಅಷ್ಟೇ. ಹಾನ್‌ಫು ಅನ್ನೋದು ಅದಕ್ಕಿಂತ ಹಿಂದಿನ, ಚೀನಾದ ಬಹುಸಂಖ್ಯಾತರಾದ ಹಾನ್ ಜನರ ಉಡುಪು, ಒಂದೇ ಡ್ರೆಸ್ ಅಲ್ಲ, ಒಂದೊಂದು ರಾಜವಂಶಕ್ಕೆ ಒಂದೊಂದು ಥರ. ಈಶಾನ್ಯ ಕಡೆಯ ಮಂಚೂ ಜನ ದಂಡೆತ್ತಿ ಬಂದು ರಾಜ್ಯ ಹಿಡಿದು 1645ರಲ್ಲಿ ಗಂಡಸರೆಲ್ಲ ಮುಂದಲೆ ಬೋಳಿಸಿ ಜಡೆ ಬಿಡಬೇಕು, ಬಟ್ಟೆ ನಮ್ಮದು ಹಾಕ್ಬೇಕು ಅಂತ ಆಜ್ಞೆ ಹೊರಡಿಸಿದ್ರು, ಒಪ್ಪದವರ ತಲೆ ಹೋಯ್ತು, ಹೀಗೆ ಹಳೇ ಉಡುಪು ಬೀದಿಯಿಂದ ಮಾಯ ಆಯ್ತು. ಮತ್ತೆ ಬೀದಿಗೆ ಬಂದಿದ್ದು ಮೊನ್ನೆ ಮೊನ್ನೆ, 2003ರಲ್ಲಿ ಝೆಂಗ್‌ಝೌ ಊರಲ್ಲಿ ವಾಂಗ್ ಲೆತಿಯಾನ್ ಅನ್ನೋ ಒಬ್ಬ ಸಾಮಾನ್ಯ ಉದ್ಯೋಗಿ ಹಾನ್‌ಫು ಹಾಕ್ಕೊಂಡು ಪೇಟೇಲಿ ನಡೆದ, ಜನ ಪಿಳಿಪಿಳಿ ನೋಡಿದ್ರು, ಸುದ್ದಿ ಆಯ್ತು. ಆಮೇಲೂ ಸಲೀಸಾಗಿ ಏನೂ ಆಗ್ಲಿಲ್ಲ. 2010ರಲ್ಲಿ ಚೆಂಗ್ಡುನಲ್ಲಿ ಜಪಾನ್ ವಿರುದ್ಧ ಗಲಾಟೆ ನಡೀತಿದ್ದಾಗ ಒಬ್ಬ ಹುಡುಗಿ ಹಾಕಿದ್ದ ಹಾನ್‌ಫುವನ್ನ ಕಿಮೋನೋ ಅಂದ್ಕೊಂಡು ಬಿಚ್ಚಿಸಿ ಸುಟ್ಟಿದ್ರು. ತಮ್ಮದೇ ಬಟ್ಟೆಯನ್ನ ಗುರುತು ಹಿಡಿಯದಷ್ಟು ದೂರ ಹೋಗಿತ್ತು ಅಂತಾಯ್ತು. ಅದೇ ದೇಶದಲ್ಲಿ ಈಗ ಮೆಟ್ರೋ ತುಂಬಾ ಅದೇ ಬಟ್ಟೆ.

ಹೋಗೋಕೆ ಮುಂಚೆ ಆಫೀಸಿನ ಹುಡುಗಿ ಒಬ್ಬಳು ಕೇಳಿದ್ಲು, ಬೇರೆಯವರ ಸಂಸ್ಕೃತಿ ಬಟ್ಟೆ ಫೋಟೋಗೋಸ್ಕರ ಹಾಕ್ಕೊಳ್ಳೋದು ಸರೀನಾ ಅಂತ. ನಂಗೂ ಆ ಅಳುಕು ಸ್ವಲ್ಪ ಇತ್ತು, ಹಂಪಿಗೆ ಬಂದ ಫಾರಿನರ್ಸ್ ಲಂಗ ದಾವಣಿ ಹಾಕ್ಕೊಂಡು ಕಲ್ಲಿನ ರಥದ ಮುಂದೆ ಪೋಸ್ ಕೊಡೋದು ನೋಡಿ ನಾವೆಲ್ಲ ನಕ್ಕಿದ್ದುಂಟಲ್ಲ. ಆದ್ರೆ ಆ ಬೀದೀಲಿ ಹತ್ತು ನಿಮಿಷ ನಡೆದ್ರೆ ಆ ಅಳುಕು ತಾನಾಗೇ ಹೋಗುತ್ತೆ. ಅಂಗಡಿಯವರು ಕೈ ಹಿಡಿದು ಒಳಗೆ ಕರೀತಾರೆ, ಅಜ್ಜಿಯರು ಜೊತೇಲಿ ಫೋಟೋ ತೆಗೆಸ್ಕೋತಾರೆ. ಇನ್ನೂ ಒಂದು ವಿಷ್ಯ ಇದೆ. ಟಾಂಗ್ ಕಾಲದ ಚಾಂಗಾನ್, ಅಂದ್ರೆ ಇದೇ ಶಿಯಾನ್, ಆಗಿನ ಜಗತ್ತಿನಲ್ಲೇ ಅತಿ ದೊಡ್ಡ ಊರುಗಳಲ್ಲಿ ಒಂದು. ಮಧ್ಯ ಏಷ್ಯಾದ ವ್ಯಾಪಾರಿಗಳು, ಪರ್ಷಿಯನ್ನರು, ಸಿರಿಯಾ ಕಡೆಯ ಕ್ರೈಸ್ತ ಪಂಥದವರು ಎಲ್ಲ ಅಲ್ಲಿದ್ರು, ಆ ಕ್ರೈಸ್ತರು 781ರಲ್ಲಿ ನಿಲ್ಲಿಸಿದ ಶಾಸನ ಈಗ್ಲೂ ಊರಿನ ಕಲ್ಲುಶಾಸನಗಳ ಮ್ಯೂಸಿಯಮ್ಮಲ್ಲಿದೆ. ಟಾಂಗ್ ಹೆಂಗಸರು ಅವರನ್ನ ನೋಡಿ ಕಿರಿದೋಳಿನ, ಮಡಿಚಿದ ಕಾಲರಿನ ಪರದೇಶಿ ಅಂಗಿಗಳನ್ನ ಆಸೆಪಟ್ಟು ಹಾಕ್ತಿದ್ರು, ಗಂಡಸರ ನಿಲುವಂಗಿ ಹಾಕ್ಕೊಂಡು ಕುದುರೆ ಏರ್ತಿದ್ರು, ಸಮಾಧಿಗಳಲ್ಲಿ ಸಿಕ್ಕ ಗೊಂಬೆಗಳಲ್ಲಿ ಚಿತ್ರಗಳಲ್ಲಿ ಇದೆಲ್ಲ ಕಾಣುತ್ತೆ. ನಮ್ಮ ಕಡೆಯವರೂ ಇದ್ರು. ಗೌತಮ ಸಿದ್ಧ ಅಂತ ಭಾರತೀಯ ಮೂಲದ ಜ್ಯೋತಿರ್ವಿಜ್ಞಾನಿ ಆಸ್ಥಾನದ ಖಗೋಳ ಇಲಾಖೆಯ ಮುಖ್ಯಸ್ಥನಾಗಿದ್ದ, 718ರಲ್ಲಿ ನಮ್ಮ ನವಗ್ರಹ ಪಂಚಾಂಗವನ್ನ ಚೀನೀ ಭಾಷೆಗೆ ತಂದ, ಅವನ ಮನೆತನದವರು ತಲೆಮಾರುಗಟ್ಟಲೆ ಅಲ್ಲೇ ಕೆಲಸ ಮಾಡಿದ್ರು. ಅವರು ಆಸ್ಥಾನಕ್ಕೆ ಪಂಚೆ ಉಟ್ಕೊಂಡಂತೂ ಹೋಗಿರಲ್ಲ. ಹಾಗಾಗಿ ಚಾಂಗಾನ್‌ನಲ್ಲಿ ಟಾಂಗ್ ಉಡುಪು ಹಾಕ್ಕೊಂಡ ಭಾರತೀಯರಲ್ಲಿ ನಾವು ಮೊದಲನೆಯವರಂತೂ ಅಲ್ಲ, ಕೊನೆಯವರೂ ಅಲ್ಲ ಬಿಡಿ.

ಅಂಗಡಿ ಒಂದು ಅಪಾರ್ಟ್‌ಮೆಂಟಿನ ಮೇಲಿನ ಮಹಡೀಲಿ ಇತ್ತು. ಲಿಫ್ಟಿಂದ ಹೊರಗೆ ಬಂದ್ರೆ ಕಾರಿಡಾರ್ ತುಂಬಾ ಇಂಥವೇ ಅಂಗಡಿಗಳು. ಬಟ್ಟೆ ಮತ್ತೆ ಮೇಕಪ್ ಮಾತ್ರ ಅಂದ್ರೆ ಒಂದು ರೇಟು, ಜೊತೆಗೆ ಫೋಟೋಗ್ರಾಫರ್ ಬೇಕಂದ್ರೆ ಅದರ ಮೇಲೆ, ಎಷ್ಟು ಫೋಟೋ ರೀಟಚ್ ಮಾಡಿ ಕೊಡ್ತಾರೆ ಅನ್ನೋದರ ಮೇಲೆ ಇನ್ನೂ. ಬಟ್ಟೆ ಹ್ಯಾಂಗರಿನ ಮೇಲೆ ಸಾಲುಸಾಲು, ವಂಶವಾರು ಜೋಡಿಸಿಟ್ಟಿದ್ರು. ನಾನು ತಗೊಂಡಿದ್ದು ಟಾಂಗ್ ಶೈಲಿಯದ್ದು, ಕೆಳಗೆ ಎದೆಯ ಮೇಲಕ್ಕೇ ಕಟ್ಟೋ ಉದ್ದ ಲಂಗ, ಮೇಲೆ ತೆಳ್ಳಗಿನ ಅಗಲ ತೋಳಿನ ಅಂಗಿ, ಎರಡೂ ತೋಳಿಗೆ ಸುತ್ತಿ ಇಳಿಬಿಡೋ ಉದ್ದನೆ ದುಪಟ್ಟಾ. ಸೊಂಟ ಅನ್ನೋದೇ ಕಾಣಲ್ಲ ಆ ಬಟ್ಟೇಲಿ, ನನ್ನಂಥ ಮೈಕೈ ತುಂಬಿದವರಿಗೆ ಅಂತಲೇ ಹೊಲಿದ ಹಾಗಿತ್ತು. ಮ್ಯೂಸಿಯಂನ ಟಾಂಗ್ ಗೊಂಬೆಗಳನ್ನ ನೋಡಿ, ಉಬ್ಬಿದ ಕೆನ್ನೆ, ಎರಡು ಗದ್ದ, ಒಂದಕ್ಕೂ ಡಯಟ್ಟಿನ ಯೋಚ್ನೆ ಇದ್ದಂತಿಲ್ಲ. ನಮ್ಮನೆಯವರಿಗೆ ದುಂಡು ಕುತ್ತಿಗೆಯ ನಿಲುವಂಗಿ, ಸೊಂಟಕ್ಕೆ ಬೆಲ್ಟು, ಹಿಂದೆ ಎರಡು ಕಿವಿ ಇಳಿಬಿಟ್ಟ ಕರೀ ಟೋಪಿ. "ಮೈಸೂರು ಪೇಟ ಆದ್ರೆ ಇನ್ನೂ ಚೆನ್ನಾಗಿ ಒಪ್ತಿತ್ತು ಕಣೇ" ಅಂದ್ರು. ಸುಮ್ನಿರ್ರೀ ಅಂದೆ.

ಇಳಕಲ್ಲಿನ ನೇಕಾರರ ಓಣೀಲಿ ಬೆಳೆದವಳು ನಾನು, ಬಟ್ಟೆ ಕೈಗೆ ಸಿಕ್ಕಿದ್ರೆ ಮೊದಲು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡೋ ಚಾಳಿ. ಎಲ್ಲ ಪಾಲಿಯೆಸ್ಟರು. ಕಸೂತಿ ಮಷಿನ್ದು. ಹಿಂದೆ ಎಲಾಸ್ಟಿಕ್ ಕೊಟ್ಟಿದ್ರು, ಯಾವ ಅಳತೆಯವರು ಬಂದ್ರೂ ಆಗ್ಲಿ ಅಂತ. ರೇಷ್ಮೆ ದಾರಿ ಶುರುವಾದ ಊರಲ್ಲಿ ಬೆರಳಿಗೆ ಒಂದೆಳೆ ರೇಷ್ಮೆ ಸಿಗ್ಲಿಲ್ಲ ಅಂತ ಬೇಜಾರೇ ಆಯ್ತು, ಆದ್ರೆ ದಿನಾ ಹತ್ತಾರು ಜನರ ಮೈಮೇಲೆ ಹೋಗೋ ಬಾಡಿಗೆ ಬಟ್ಟೆಗೆ ರೇಷ್ಮೆ ಯಾರು ಹಾಕ್ತಾರೆ ಹೇಳಿ. ಇಂಥ ಬಟ್ಟೆ ರಾಶಿರಾಶಿ ಬರೋದು ಶಾನ್‌ಡಾಂಗ್ ಪ್ರಾಂತ್ಯದ ತ್ಸಾವ್ ಕೌಂಟಿಯಿಂದ, ಮೊದಲು ನಾಟಕ ಡ್ಯಾನ್ಸ್ ಡ್ರೆಸ್ಸು ಹೊಲೀತಿದ್ದ ಕಡೆ, ಈಗ ಹಾನ್‌ಫುಗೇ ಹೆಸರುವಾಸಿ. ಹಾನ್‌ಫು ಬಗ್ಗೆ ತಲೆ ಕೆಡಿಸ್ಕೊಂಡಿರೋ ಪ್ರೇಮಿಗಳಿಗೆ ಈ ಸ್ಟುಡಿಯೋ ಬಟ್ಟೆ ಕಂಡ್ರೆ ಆಗಲ್ಲ, ಕಟ್ಟು ಸರಿ ಇಲ್ಲ, ಹೊಲಿಗೆ ಜಾಗ ಸರಿ ಇಲ್ಲ, ಉತ್ಖನನದಲ್ಲಿ ಸಿಕ್ಕ ಮೂಲಕ್ಕೆ ಹೋಲಲ್ಲ ಅಂತ ಆನ್‌ಲೈನಲ್ಲಿ ಜಗಳವೋ ಜಗಳ. ಅವರ ಮಾತಲ್ಲಿ ಸತ್ಯ ಇದೆ. ಆದ್ರೂ ಇಳಕಲ್ ಸೀರೆಗೆ ಕೊಂಡಿ ಹಾಕದೆ, ಮೈಯಿಗೂ ಸೆರಗಿಗೂ ಬೇರೆ ಬೇರೆ ಹಾಸು ಜೋಡಿಸದೆ, ಪವರ್‌ಲೂಮಲ್ಲಿ ಹೊಡೆದು ಇಳಕಲ್ ಅಂತ ಮಾರೋದು ಕಂಡಾಗ ನಮ್ಮಪ್ಪ ಬೈತಿದ್ದಿದ್ದು ನೆನಪಾಗಿ, ಈ ಜಗಳ ಎಲ್ಲಾ ಊರಲ್ಲೂ ಇದ್ದಿದ್ದೇ ಅನ್ನಿಸ್ತು.

ಈಗ ಮೇಕಪ್ಪಿಗೆ ಬರೋಣ, ಅಸಲಿ ಕತೆ ಇರೋದು ಅಲ್ಲೇ.

ಮೇಕಪ್ ಮಾಡಿದ ಹುಡುಗಿ ಇನ್ನೂ ಚಿಕ್ಕವಳು, ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬಹುದು. ಅವಳಿಗೆ ಇಂಗ್ಲಿಷ್ ಬರಲ್ಲ, ನಂಗೆ ಚೀನೀ ಬರಲ್ಲ, ಫೋನಿನ ಟ್ರಾನ್ಸ್‌ಲೇಟರ್ ಇಬ್ಬರ ಮಧ್ಯೆ ಕನ್ನಡಿ ಮುಂದೆ ಒರಗಿ ಕೂತಿತ್ತು. ನನ್ನ ಕಣ್ಣು ರೆಪ್ಪೆ ನೋಡಿ ತುಂಬಾ ಖುಷಿಪಟ್ಲು. ಬೇರೆಯವರಿಗೆ ರೆಪ್ಪೆ ಮಡಿಕೆಗೆ ಟೇಪು, ಅಂಟಿಸೋ ರೆಪ್ಪೆಗೂದಲು ಅಂತ ಅರ್ಧ ಗಂಟೆ ಹಿಡಿಯುತ್ತಂತೆ, ನಂಗೆ ಅದೇನೂ ಬೇಡ ಅಂತ ಪಕ್ಕದವಳನ್ನೂ ಕರೆದು ತೋರಿಸಿದ್ಲು. ಆಮೇಲೆ ಫೌಂಡೇಶನ್ ಡಬ್ಬಿ ತೆಗೆದ್ಲು. ಡಬ್ಬೀಲಿದ್ದಿದ್ದರಲ್ಲಿ ಅತಿ ಕಪ್ಪು ಬಣ್ಣ ಅಂದ್ರೂ ಅದು ನಮ್ಮೂರಲ್ಲಿ ಮದುಮಗಳಿಗೆ ಹಚ್ಚೋ ಬಣ್ಣ. ಅವಳು ಅದಕ್ಕಿಂತ ಬಿಳೀದನ್ನೇ ಎತ್ಕೊಂಡ್ಲು. ನಾನು ಕೈ ಅಡ್ಡ ಹಿಡಿದು ಫೋನಿಗೆ "ನನ್ನ ಬಣ್ಣಾನೇ ಇರಲಿ" ಅಂತ ಹೇಳ್ದೆ. ಅವಳು ಓದಿ, ನಕ್ಕು, ಏನೋ ಹೇಳಿದ್ಲು, ಫೋನು ತೋರಿಸ್ತು, "ಚಿಂತೆ ಬೇಡ, ನಿಮ್ಮನ್ನು ಬಿಳಿ ಮಾಡುತ್ತೇನೆ." ಸಮಾಧಾನ ಮಾಡ್ತಿದಾಳೆ ಪಾಪ! ನಾನು ಮತ್ತೆ, ಬಿಳಿ ಬೇಡ, ಬೇಡ, ಅಂತ ಮೊಣಕೈ ತೋರಿಸಿ, ಇದೇ ಬಣ್ಣ ಬೇಕು ಅಂದೆ. ಅವಳಿಗೆ ನಿಜವಾಗ್ಲೂ ಅರ್ಥ ಆಗ್ಲಿಲ್ಲ, ಭಾಷೆ ತೊಂದರೆಯಿಂದಲ್ಲ, ಅಂಥ ಬೇಡಿಕೆ ಅವಳು ಕೇಳಿರ್ಲಿಲ್ಲ ಅನ್ಸುತ್ತೆ. ಆಮೇಲೆ ಏನನ್ನಿಸ್ತೋ, ಒಳಗೆ ಹೋಗಿ ಮುಖದ ಅಂಚಿಗೆ ನೆರಳು ಬಿಡೋ ಕಂದು ಬಣ್ಣದ ಕ್ರೀಮು ತಂದು, ಅಂಗೈ ಹಿಂದೆ ಎರಡನ್ನೂ ಕಲಸಿ ಕಲಸಿ, ನನ್ನ ದವಡೆ ಹತ್ರ ಹಚ್ಚಿ ನೋಡಿ, ಒರೆಸಿ, ಮತ್ತೆ ಕಲಸಿ, ಹತ್ತಿರ ಹತ್ತಿರ ಸರಿಯಾದ ಬಣ್ಣ ಮಾಡೇಬಿಟ್ಲು. ಕೈಕೆಲಸ ಗೊತ್ತಿದ್ದ ಹುಡುಗಿ. ಅಲ್ಲೇ ಅವಳ ಮೇಲೆ ಪ್ರೀತಿ ಬಂದುಬಿಡ್ತು ನಂಗೆ.

ಹಣೆಯ ಬೊಟ್ಟು ತೆಗೆಸಿ ಅದೇ ಜಾಗದಲ್ಲಿ ಕೆಂಪು ಹೂವಿನ ಚಿತ್ರ ಬರೆದ್ಲು, ಟಾಂಗ್ ಹೆಂಗಸರು ಬಿಡಿಸ್ಕೋತಿದ್ದಂಥದ್ದು, ಕಣ್ಣಿನ ಪಕ್ಕ ಕೆಂಪು ಗೆರೆ, ತುಟಿಯ ಎರಡೂ ಕಡೆ ಸಣ್ಣ ಚುಕ್ಕಿ. ಕೂದಲಿಗೆ ಮುಕ್ಕಾಲು ಗಂಟೆ. ನನ್ನ ಜಡೆ ಬಿಚ್ಚಿ, ಜೆಲ್ ಹಾಕಿ ಬಾಚಿ, ಅದರ ಮೇಲೆ ರೆಡಿಮೇಡ್ ತುರುಬುಗಳನ್ನ ಒಂದೊಂದಾಗಿ ಪಿನ್ನಿಂದ ಚುಚ್ಚಿ, ಅದರ ಮೇಲೆ ಹೂವು, ಅದರ ಮೇಲೆ ಲೋಹದ ಬಾಚಣಿಗೆ, ತೂಗಾಡೋ ಸರಗಳು. ಎದ್ದು ನಿಂತಾಗ ನಮ್ಮೂರ ಹೆಂಗಸರು ತುಂಬಿದ ಕೊಡ ಹೊತ್ತು ನಡೀತಾರಲ್ಲ, ನನ್ನ ನಡಿಗೆ ಹಾಗೇ ಆಗಿಹೋಯ್ತು, ಕುತ್ತಿಗೆ ನೆಟ್ಟಗೆ, ಹೆಜ್ಜೆ ಸಣ್ಣ. ರಾಣಿಯರಿಗೆ ಆ ಗಾಂಭೀರ್ಯ ಎಲ್ಲಿಂದ ಬರ್ತಿತ್ತು ಅಂತ ಗೊತ್ತಾಯ್ತು, ಅಲ್ಲಾಡಿದ್ರೆ ಬೀಳುತ್ತೆ ಅಷ್ಟೇ. ಕುತ್ತಿಗೇಲಿದ್ದ ಕರಿಮಣಿ ಸರ ತೆಗೀರಿ ಅಂತ ಸನ್ನೆ ಮಾಡಿದ್ಲು. ಆಗಲ್ಲ ಅಂದೆ. ಮದುವೇದು ಅಂತ ಫೋನು ಹೇಳಿದ್ಮೇಲೆ ಅವಳು ಅದನ್ನ ಎರಡು ಬೆರಳಲ್ಲಿ ಹಗುರವಾಗಿ ಎತ್ತಿ ನೋಡಿ, ಮುತ್ತಿನ ಹಾರದ ಕೆಳಗೆ ಜೋಡಿಸಿ ಇಟ್ಲು.

ಫೋಟೋಗ್ರಾಫರ್ ಹುಡುಗ ನಮ್ಮನ್ನ ಕತ್ತಲಾಗೋ ಹೊತ್ತಿಗೆ ಬೀದಿಗೆ ಎಳ್ಕೊಂಡು ಹೋದ. ಜೊತೆಗೊಬ್ಬ ಲೈಟ್ ಹಿಡಿಯೋನು. ಆ ಜನಜಂಗುಳೀಲಿ ಒಂದಡಿ ಜಾಗ ಮಾಡಿ, ನೆಲದ ಮೇಲೆ ಅಂಗಾತ ಮಲಗಿ ಕ್ಯಾಮೆರಾ ಮೇಲಕ್ಕೆ ಹಿಡಿದು, ಹಿಂದಿರೋ ನೂರು ಜನ ಫ್ರೇಮಿಗೆ ಬರದ ಹಾಗೆ ತೆಗೀತಾನೆ, ಅದೊಂದು ವಿದ್ಯೆ. ಪೋಸುಗಳು ಮೊದಲೇ ಫಿಕ್ಸು. ಬೀಸಣಿಗೆ ಅರ್ಧ ಮುಖಕ್ಕೆ, ಲಾಟೀನು ಎದೆ ಮಟ್ಟಕ್ಕೆ, ಕಣ್ಣು ಕೆಳಗೆ, ಈಗ ಮೇಲೆ, ನಗಬೇಡಿ, ಸ್ವಲ್ಪ ನಗಿ. ನಮ್ಮ ಪಕ್ಕದಲ್ಲೇ ಇನ್ನೊಬ್ಬ ರಾಣಿ ಅದೇ ಬೀಸಣಿಗೆ ಅದೇ ಕೋನ, ಅವಳ ಪಕ್ಕ ಇನ್ನೊಬ್ಬಳು. ನಮ್ಮನೆಯವರು ಮಂತ್ರಿ ಟೋಪಿ ಹಾಕ್ಕೊಂಡು ನನ್ನ ಹ್ಯಾಂಡ್‌ಬ್ಯಾಗ್, ಜರ್ಕಿನ್, ನೀರಿನ ಬಾಟ್ಲು ಎಲ್ಲ ಹಿಡ್ಕೊಂಡು ಹಿಂದೆ ಹಿಂದೆ ಬರ್ತಿದ್ರು, ನೋಡಿದ್ರೆ ಅಲ್ಲಿ ಮುಕ್ಕಾಲು ಮಂತ್ರಿಗಳ ಪಾಡೂ ಅದೇ. ಹಗಲಲ್ಲಿ ಕೋಟೆ ಗೋಡೆ ಮೇಲೂ ಹೀಗೇ ರಾಣಿಯರ ಗುಂಪು ಕಂಡಿತ್ತು. ಆ ಕೋಟೆ ಮಿಂಗ್ ರಾಜವಂಶದ ಕಾಲದ್ದು, ಟಾಂಗ್ ಹೋಗಿ ನಾಲ್ಕುನೂರು ವರ್ಷಕ್ಕೂ ಹೆಚ್ಚಾದ ಮೇಲೆ ಕಟ್ಟಿದ್ದು, ಅದರ ಮೇಲೆ ಟಾಂಗ್ ರಾಣಿ ನಿಂತ್ರೆ ಕೇಳೋರ್ಯಾರು.

ಗೋಪುರದ ಮುಂದಿನ ಚೌಕದಲ್ಲಿ ಕೋಲು ಹಿಡಿದ ಸನ್ಯಾಸಿಯ ದೊಡ್ಡ ಕಂಚಿನ ಪ್ರತಿಮೆ ಇದೆ. ಅದು ಯಾರು ಅಂತ ಗೊತ್ತಾದಾಗ ನಾನು ಪೋಸು ಬಿಟ್ಟು ನಿಂತ್ಬಿಟ್ಟೆ, ಹೈಸ್ಕೂಲಲ್ಲಿ ಉರು ಹೊಡೆದ ನಮ್ಮ ಹ್ಯೂಯೆನ್ ತ್ಸಾಂಗ್! ನಮ್ಮ ಪುಲಕೇಶಿಯ ಬಗ್ಗೆ ಬರೆದವನು, ಆ ನಾಡಿನ ಜನ ಉಪಕಾರ ಮಾಡಿದವರನ್ನ ಮರೆಯಲ್ಲ, ಕೆಣಕಿದವರನ್ನ ಬಿಡಲ್ಲ, ಹರ್ಷ ಎಲ್ಲರನ್ನ ಗೆದ್ರೂ ಇವರನ್ನ ಮಣಿಸೋಕಾಗ್ಲಿಲ್ಲ ಅಂತೆಲ್ಲ. ಅದೇ ಸೋಲನ್ನ ರವಿಕೀರ್ತಿ 634ರಲ್ಲಿ ಐಹೊಳೆಯ ಮೇಗುತಿ ಗೋಡೆ ಮೇಲೆ ಕೆತ್ತಿಸಿದ್ದಾನೆ, ನಮ್ಮೂರಿಂದ ಬಸ್ಸಲ್ಲಿ ಹೋಗಿ ಸಂಜೆಗೆ ವಾಪಸ್ ಬರೋ ದೂರ. ಈ ಮನುಷ್ಯ 645ರಲ್ಲಿ ಚಾಂಗಾನ್‌ಗೆ ಹಿಂದಿರುಗಿದಾಗ 657 ಗ್ರಂಥ ಹೊತ್ತು ತಂದಿದ್ದ, ಅವನ್ನ ಜೋಪಾನವಾಗಿ ಇಡೋಕೆ ಅಂತ 652ರಲ್ಲಿ ಈ ಇಟ್ಟಿಗೆ ಗೋಪುರ ಎದ್ದಿದ್ದು. ಮೈಕೈಗೆಲ್ಲ ಪಾಲಿಯೆಸ್ಟರ್ ಸುತ್ಕೊಂಡು ಬಾದಾಮಿ ಸೀಮೆಯ ಒಬ್ಬಳು ಅವನ ಕಾಲ ಬುಡದಲ್ಲಿ ನಿಂತಿದ್ದೆ, ಫೋಟೋಗ್ರಾಫರ್‌ಗೆ ಇದನ್ನ ಹೇಳೋಣ ಅಂತ ಫೋನು ತೆಗೆದೆ, ಅವನು ಲೈಟ್ ಹೋಗ್ತಿದೆ ಬೇಗ ಬನ್ನಿ ಅಂತ ಕೂಗ್ತಿದ್ದ.

ಫೋಟೋ ಬಂದಿದ್ದು ನಾವು ಊರಿಗೆ ಬಂದ್ಮೇಲೆ. ತುಂಬಾ ಚೆನ್ನಾಗಿದ್ವು. ಆದ್ರೆ ನಾನಿರ್ಲಿಲ್ಲ. ಆ ಹುಡುಗಿ ಅಷ್ಟು ಕಷ್ಟಪಟ್ಟು ಕಲಸಿದ ಬಣ್ಣವನ್ನ ರೀಟಚ್ ಮಾಡಿದವನು ಒಂದು ಕ್ಲಿಕ್ಕಲ್ಲಿ ಹಾಲು ಮಾಡಿಟ್ಟಿದ್ದ. ದವಡೆ ಸಣ್ಣ, ಮೂಗು ಸಣ್ಣ, ಕೆನ್ನೆ ಮೇಲಿನ ಮಚ್ಚೆ ಮಾಯ, ಕರಿಮಣಿ ಸರವೂ ಮಾಯ, ಮುತ್ತಿನ ಹಾರದ ಕೆಳಗೆ ಬರೀ ನುಣುಪು ಚರ್ಮ. ಯಾವುದೋ ಅಡ್ಡ ಬಂದ ದಾರ ಅಂದ್ಕೊಂಡಿರ್ತಾನೆ. ಅವ್ವನಿಗೆ ವಿಡಿಯೋ ಕಾಲಲ್ಲಿ ತೋರಿಸ್ದೆ, ಅವ್ವ ಕನ್ನಡಕ ಮೇಲೇರಿಸಿ ನೋಡಿ ಮೊದಲು ಕೇಳಿದ್ದೇ "ಕೊಳ್ಳಾಗಿನ ತಾಳಿ ಯಾಕ ತಗದಿ?" ಅಂತ. ತಗದಿಲ್ಲವ್ವಾ, ಅವರು ಅಳಿಸ್ಯಾರ ಅಂದೆ. "ಅಳಸಾಕ ಅವರ್ಯಾರು?" ಅಂದ್ಲು. ಆಮೇಲೆ, "ಮಾರಿಗೆ ಸುಣ್ಣಾ ಹೊಡದಾರ ನೋಡು" ಅಂತ ಸೇರಿಸಿದ್ಲು.

ನಂಗೆ ಸಿಟ್ಟು ಬಂತು, ನಿಜ. ಆದ್ರೆ ಸಿಟ್ಟು ಮಾಡ್ಕೊಂಡು ಕೂತಾಗ ನನ್ನ ಮದುವೆ ಆಲ್ಬಂ ನೆನಪಾಯ್ತು, ಹುಬ್ಬಳ್ಳೀಲಿ ಮಾಡಿಸಿದ್ದು. ಅದರಲ್ಲೂ ನಾನು ಹೀಗೇ ಹಾಲುಬಿಳುಪು, ಅಕ್ಕಿಕಾಳಿನ ಪಕ್ಕ ಕೈ ಒಂದು ಬಣ್ಣ ಮುಖ ಒಂದು ಬಣ್ಣ, ಆಗ ಯಾರೂ ಏನೂ ಅಂದಿರ್ಲಿಲ್ಲ, "ಎಷ್ಟ್ ಛಂದ ಬಂದೈತಿ" ಅಂತಲೇ ಅಂದಿದ್ರು, ಅವ್ವನೂ ಸೇರಿ. ಶಿಯಾನ್‌ನ ರೀಟಚ್ ಹುಡುಗನೂ ಹುಬ್ಬಳ್ಳಿಯ ಬ್ರೈಡಲ್ ಸ್ಟುಡಿಯೋದವನೂ ಭಾಷೆ ಗೊತ್ತಿಲ್ಲದೇನೂ ಒಂದೇ ಕ್ಲಾಸಲ್ಲಿ ಕಲಿತವರು. ಟಾಂಗ್ ಹೆಂಗಸರೇನು ಕಮ್ಮಿ ಇರ್ಲಿಲ್ಲ, ಸೀಸದ ಪುಡಿ ಮುಖಕ್ಕೆ ಬಳ್ಕೋತಿದ್ರು ಬಿಳೀ ಕಾಣೋಕೆ, ವಿಷ ಅದು. ಹಾಗಾಗಿ ಇದು ಬರೀ ಈಗಿನ ಆ್ಯಪ್‌ಗಳ ಕಾಯಿಲೆ ಅನ್ನೋಕೂ ಬರಲ್ಲ. ಆದ್ರೆ ಅದೇ ಟಾಂಗ್ ಸಮಾಧಿಗಳ ಗೊಂಬೆಗಳಲ್ಲಿ ಗಡ್ಡದ ಒಂಟೆ ಸವಾರರಿದ್ದಾರೆ, ದೊಡ್ಡ ಮೂಗಿನ ಸಾಹುಕಾರರಿದ್ದಾರೆ, ಗುಂಗುರು ಕೂದಲಿನ ಕಪ್ಪು ಮೈಯವರಿದ್ದಾರೆ. ಮಾಡಿದ ಕುಂಬಾರ ಯಾರ ಮೂಗನ್ನೂ ಕೆತ್ತಿ ಸಣ್ಣ ಮಾಡಿರ್ಲಿಲ್ಲ. ನಾನು ಅಳುಕಿದ್ದು ಬಟ್ಟೆ ವಿಷ್ಯಕ್ಕೆ, ಬಟ್ಟೆ ಆರಾಮಾಗಿ ಒಪ್ಕೊಂಡ್ತು, ಆ ಊರಿನ ಯಾರಿಗೂ ನನ್ನ ಮೈಮೇಲೆ ಅವರ ಲಂಗ ಇದ್ದಿದ್ದು ತೊಂದರೆ ಆಗ್ಲಿಲ್ಲ. ತಕರಾರು ಬಂದಿದ್ದು ಲಂಗದ ಮೇಲಿದ್ದ ಮುಖಕ್ಕೆ, ಅದೂ ನನ್ನನ್ನ ಒಂದ್ಸಲವೂ ನೋಡದ ಒಬ್ಬನಿಂದ.

ಅಂಗಡಿಗೆ ಮೆಸೇಜ್ ಹಾಕ್ದೆ, ಮಚ್ಚೆ ಬೇಕು, ಕಪ್ಪು ಸರ ಬೇಕು, ಬಣ್ಣ ವಾಪಸ್ ಬೇಕು ಅಂತ. ಅಳಿಸೋಕೆ ಕೇಳೋ ಗಿರಾಕಿಗಳೇ ಅವರಿಗೆ ರೂಢಿ ಅನ್ಸುತ್ತೆ, ನಿಜಾನಾ ಅಂತ ಮತ್ತೆ ಮತ್ತೆ ಕೇಳಿದ್ರು. ಕೊನೆಗೆ ಕಳಿಸಿದ್ರು. ಬಣ್ಣಕ್ಕೆ ಅಂತ ಇಡೀ ಫೋಟೋವನ್ನೇ ಕತ್ತಲು ಮಾಡಿದ್ರು, ಲಾಟೀನುಗಳೂ ಮಂಕಾದ್ವು. ಮಚ್ಚೆ ಬಂದಿತ್ತು, ಇರೋ ಜಾಗಕ್ಕಿಂತ ಅರ್ಧ ಇಂಚು ಕೆಳಗೆ. ಕರಿಮಣಿ ಮಾತ್ರ ಸರಿಯಾಗಿ ಕೂತಿತ್ತು, ಅವ್ವನಿಗೆ ಅಷ್ಟು ಸಾಕಾಯ್ತು.

ಹೋಗೋರು ಇದ್ರೆ ಕೇಳಿ. ನೇರ ವಿಮಾನ 2025ರ ಅಕ್ಟೋಬರ್‌ನಲ್ಲಿ ಕೋಲ್ಕತ್ತಾದಿಂದ ಗ್ವಾಂಗ್‌ಝೌಗೆ ಮತ್ತೆ ಶುರುವಾಗಿದೆ, ಬೆಂಗಳೂರಿನವರು ಸಿಂಗಾಪುರ, ಕ್ವಾಲಾಲಂಪುರ ಮೇಲೂ ಹೋಗಬಹುದು. ಅಲ್ಲಿ ದುಡ್ಡು ಕೊಡೋಕೆ ಬಳಸೋ ಅಲಿಪೇ ಆ್ಯಪ್‌ಗೆ ನಿಮ್ಮ ಕಾರ್ಡು ಇಲ್ಲೇ ಜೋಡಿಸ್ಕೊಳ್ಳಿ. ಅಂಗಡೀಲಿ ದುಡ್ಡು ಕೊಡೋ ಮುಂಚೆ, ರೀಟಚ್ ಮಾಡದ ಒರಿಜಿನಲ್ ಫೈಲು ಎಲ್ಲಾ ಕೊಡ್ತೀರಾ ಅಂತ ಟ್ರಾನ್ಸ್‌ಲೇಟರಲ್ಲಿ ಕೇಳಿ, ಉತ್ತರದ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ನಿಮ್ಮ ಬಣ್ಣದ ಫೌಂಡೇಶನ್ ಮನೆಯಿಂದಲೇ ತಗೊಂಡು ಹೋಗಿ, ಆ ಹುಡುಗಿಯರಿಗೆ ಅಷ್ಟು ಕಲಸೋ ಕೆಲಸ ತಪ್ಪುತ್ತೆ. ಮತ್ತೆ ಊಟ ಮುಗಿಸ್ಕೊಂಡೇ ಹೋಗಿ, ತುಟಿ ಬಣ್ಣ ಹಾಳಾಗುತ್ತೆ ಅಂತ ಮುಗಿಯೋವರೆಗೂ ಒಂದು ತುತ್ತೂ ಬಿಡಲ್ಲ, ನಮ್ಮನೆಯವರು ನನ್ನೆದುರಿಗೇ ಖಾರದೆಣ್ಣೆ ಹಾಕಿದ ತಣ್ಣನೆ ಲಿಯಾಂಗ್‌ಪಿ ನೂಡಲ್ಸ್ ಎರಡು ಪ್ಲೇಟ್ ತಿಂದ್ರು.